ಈಗ ಸಿಗದ ಬಣ್ಣವನ್ನು ಮತ್ತೆ ಕಲಸುವುದು: ಪುಟಾಣಿ ರೈಲು ಕಟ್ಟುವವರಿಗೆ

ಹಳೇ ರೈಲು ಕಿಟ್ ಒಂದನ್ನು ತೆರೆದರೆ ಡಬ್ಬದ ತಳದಲ್ಲಿ ನಾಲ್ಕಾಗಿ ಮಡಚಿದ ಹಾಳೆಯೊಂದು ಇರುತ್ತದೆ. ಯಾವ ತುಂಡನ್ನು ಯಾವುದಕ್ಕೆ ಅಂಟಿಸಬೇಕು ಅನ್ನೋದು ಅದರಲ್ಲಿ ಚಿತ್ರ ಸಮೇತ ಸಿಗುತ್ತದೆ. ಬಣ್ಣಕ್ಕೆ ಮಾತ್ರ ಕೊನೆಯಲ್ಲಿ ಒಂದೇ ಸಾಲು. ಗೋಡೆಗೆ ಫ್ಲೋಕ್ವಿಲ್ ಅನ್ನೋ ಬ್ರ್ಯಾಂಡಿನ ಬಾಕ್ಸ್‌ಕಾರ್ ರೆಡ್, ಚಾವಣಿಗೆ ರೂಫ್ ಬ್ರೌನ್, ಚಕ್ರದ ಚೌಕಟ್ಟಿಗೆ ಗ್ರೈಮಿ ಬ್ಲ್ಯಾಕ್. ಹಾಳೆ ಅಚ್ಚಾದ ಕಾಲಕ್ಕೆ ಅಷ್ಟು ಸಾಕಿತ್ತು. ಹಾಬಿ ಅಂಗಡಿಗೆ ಹೋಗಿ ಹೆಸರು ಹೇಳಿದರೆ ಶೀಶೆ ಕೈಗೆ ಬರುತ್ತಿತ್ತು. ಇವತ್ತು ಆ ಮೂರರಲ್ಲಿ ಒಂದೂ ಸಿಗುವುದಿಲ್ಲ.

ನನ್ನ ಹತ್ತಿರ ಇರುವುದು ಅಮೆರಿಕದ ಮರದ ಗೂಡ್ಸ್ ಡಬ್ಬಿಯ, ಅಲ್ಲಿನವರ ಮಾತಿನಲ್ಲಿ ಬಾಕ್ಸ್‌ಕಾರ್‌ನ, ಕಿಟ್. ಎಚ್‌ಒ ಅಳತೆಯದು, ಅಂದರೆ ನಿಜವಾದ ಬೋಗಿಯ 87ರಲ್ಲಿ ಒಂದು ಪಾಲು. ಹೊರದೇಶದಲ್ಲಿದ್ದ ನೆಂಟರೊಬ್ಬರು ಕೊಟ್ಟದ್ದು. ನಾನಿರುವುದು ಮಡಿಕೇರಿಯಲ್ಲಿ. ಕೊಡಗಿನಲ್ಲಿ ರೈಲು ಹಳಿಯೇ ಇಲ್ಲ ಅನ್ನೋದು ಎಲ್ಲರಿಗೂ ಗೊತ್ತು. ರಾಜಾಸೀಟ್ ಬಳಿ ಮಕ್ಕಳಿಗೆಂದು ಹಾಕಿದ ಪುಟಾಣಿ ರೈಲು ಬಿಟ್ಟರೆ, ರೈಲು ನೋಡಲು ನಾವು ಘಟ್ಟ ಇಳಿದು ಸುಬ್ರಹ್ಮಣ್ಯ ರೋಡಿಗೋ, ಇಲ್ಲ ಆ ಕಡೆ ಮೈಸೂರಿಗೋ ಹೋಗಬೇಕು. ಚಿಕ್ಕಂದಿನಲ್ಲಿ ರೈಲು ಅಂದರೆ ವರ್ಷಕ್ಕೊಮ್ಮೆ ಬರುವ ಹಬ್ಬದ ಹಾಗಿತ್ತು. ಮೇಜಿನ ಮೇಲೆ ಬೋಗಿ ಕಟ್ಟುವ ಹುಚ್ಚು ನನಗೆ ಹತ್ತಿದ್ದು ಅಲ್ಲಿಂದಲೇ.

ಬಣ್ಣದ ವಿಷಯದಲ್ಲಿ ವರ್ಷಗಟ್ಟಲೆ ತಿಣುಕಾಡಿದ ಮೇಲೆ ನನಗೆ ಅರ್ಥವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಶೀಶೆಯನ್ನು ಹುಡುಕುತ್ತಾ ಕೂರಬೇಡಿ. ಆ ಶೀಶೆ ಯಾವ ನಿಜವಾದ ಬಣ್ಣವನ್ನು ತೋರಿಸಲು ಹೊರಟಿತ್ತು ಅಂತ ತಿಳಿದುಕೊಳ್ಳಿ. ಅದು ಗೊತ್ತಾದರೆ ಇವತ್ತು ಸಿಗುವ ನಾಲ್ಕು ಶೀಶೆಗಳಲ್ಲೇ ಅದನ್ನು ಕಲಸಬಹುದು.

ಶೀಶೆಗಳು ಯಾಕೆ ಮಾಯವಾದವು

ಫ್ಲೋಕ್ವಿಲ್ ಅನ್ನೋದು ಅಮೆರಿಕದ ರೈಲು ಮಾದರಿಕಾರರ ಮನೆಮಾತು. ಕ್ಸೈಲೀನ್ ಥರದ ಖಾರವಾದ ದ್ರಾವಕದಲ್ಲಿ ಕಲಸಿದ ಬಣ್ಣ. ಅದರ ಜೊತೆಗಾರ ಪಾಲಿ ಸ್ಕೇಲ್, ನೀರಿನಲ್ಲಿ ತೊಳೆಯಬಹುದಾದ ಅಕ್ರಿಲಿಕ್. ಎರಡನ್ನೂ ಕೊನೆಗೆ ಮಾರುತ್ತಿದ್ದದ್ದು ಟೆಸ್ಟರ್ಸ್ ಕಂಪನಿ. 2013ರಲ್ಲಿ ಎರಡೂ ನಿಂತವು. ಅದೇ ಕಂಪನಿಯ ಮಾಡೆಲ್ ಮಾಸ್ಟರ್ ಸಾಲು ಕೆಲವು ವರ್ಷಗಳ ನಂತರ ಹೋಯಿತು. ಹಾಗಾಗಿ 2013ಕ್ಕಿಂತ ಹಿಂದಿನ ಅಮೆರಿಕನ್ ಕಿಟ್‌ಗಳ ಬಣ್ಣದ ಪಟ್ಟಿಯಲ್ಲಿ ಬಹುಪಾಲು ಈಗ ಬರೀ ಹೆಸರು.

ಕಾರಣ ಹುಡುಕಿದರೆ ಮೊದಲು ಸಿಗುವುದು ವ್ಯಾಪಾರದ ಲೆಕ್ಕ. ಒಂದೊಂದು ರೈಲು ಕಂಪನಿಗೆ ಒಂದೊಂದು ಹಳದಿ, ಒಂದೊಂದು ಹಸಿರು. ನೂರಾರು ಛಾಯೆ, ಪ್ರತಿಯೊಂದಕ್ಕೂ ಕೊಳ್ಳುವವರು ಬೆರಳೆಣಿಕೆ ಮಂದಿ. ಎರಡನೆಯದು, ದ್ರಾವಕದ ಆವಿಯ ಮೇಲೆ ಬಿಗಿಯಾಗುತ್ತಾ ಬಂದ ನಿಯಮಗಳು. ಮೂರನೆಯದು ಸೀಸ. ಹಳೇ ಕಾಲದ ಒಳ್ಳೇ ಹಳದಿ, ಕಿತ್ತಳೆ ಮತ್ತು ಕೆಲವು ಕೆಂಪುಗಳಲ್ಲಿ ಸೀಸದ ಕ್ರೋಮೇಟ್ ಇರುತ್ತಿತ್ತು. ಅದು ವಿಷ. ನಮ್ಮ ದೇಶದಲ್ಲೂ ಮನೆ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದು ಅಂತ 2016ರಲ್ಲಿ ನಿಯಮ ಬಂತು. ಇದು ತುಂಬಾ ಒಳ್ಳೇ ಕೆಲಸ. ಆದರೆ ಅದರಿಂದ ಒಂದು ವಿಷಯ ತಿಳಿದಿರಬೇಕು. ಹಳೇ ಹಳದಿಯಲ್ಲಿದ್ದ ಪುಡಿಯೇ ಈಗ ಬೇರೆ. ಬೆಳಕಿಗೆ ಅದು ಸ್ಪಂದಿಸುವ ರೀತಿಯೂ ಬೇರೆ.

ಸರಿ, ಅಮೆರಿಕದಲ್ಲಿ ಯಾರದೋ ಅಟ್ಟದ ಮೇಲೆ ಉಳಿದ ಶೀಶೆ ತರಿಸೋಣ ಅಂದರೆ ಅದೂ ಕಷ್ಟ. ಬೇಗ ಬೆಂಕಿ ಹಿಡಿಯುವ ದ್ರವವನ್ನು ಅಂಚೆಯಲ್ಲಿ ಕಳಿಸುವ ಹಾಗಿಲ್ಲ. ಎನಾಮೆಲ್ ಮತ್ತು ಲ್ಯಾಕರ್ ಅನ್ನೋ ದ್ರಾವಕದ ಬಣ್ಣಗಳು, ಅವನ್ನು ತೆಳು ಮಾಡುವ ಥಿನ್ನರ್ ಎಲ್ಲಾ ಆ ಸಾಲಿಗೇ ಸೇರುತ್ತವೆ. ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಾ ಅಂತ ನೆಂಟರಿಗೆ ದಯವಿಟ್ಟು ಹೇಳಬೇಡಿ. ವಿಮಾನದಲ್ಲಿ ಅದು ನಿಜವಾಗಲೂ ಅಪಾಯ.

ಹೆಸರಿನ ಹಿಂದೆ ಇರುವ ಮಣ್ಣು

ಬಾಕ್ಸ್‌ಕಾರ್ ರೆಡ್ ಅಂದರೆ ಏನು? ನಾನು ಬಹಳ ದಿನ ಅದನ್ನು ಒಂದು ಖಚಿತವಾದ ಕೆಂಪು ಅಂದುಕೊಂಡಿದ್ದೆ. ಅದು ಕೆಂಪೂ ಅಲ್ಲ, ಒಂದೇ ಬಣ್ಣವೂ ಅಲ್ಲ. ಅಮೆರಿಕದ ರೈಲು ಕಂಪನಿಗಳು ಮರದ ಗೂಡ್ಸ್ ಡಬ್ಬಿಗಳಿಗೆ ಹಚ್ಚುತ್ತಿದ್ದದ್ದು ಕಬ್ಬಿಣದ ಆಕ್ಸೈಡ್ ಪುಡಿ ಕಲಸಿದ ಅಗ್ಗದ ಬಣ್ಣ. ಅಗ್ಗ, ಮರವನ್ನು ಕಾಯುತ್ತದೆ, ಬಿಸಿಲಿಗೆ ಅಷ್ಟು ಬೇಗ ಮಾಸುವುದಿಲ್ಲ. ಲಕ್ಷಾಂತರ ಡಬ್ಬಿಗೆ ಬಳಿಯಲು ಇನ್ನೇನು ಬೇಕು? ಆದರೆ ಆಕ್ಸೈಡ್ ಅನ್ನೋದು ಮಣ್ಣು. ಒಂದು ಗಣಿಯದು ಕಿತ್ತಳೆ ಕಡೆ ವಾಲುತ್ತದೆ, ಇನ್ನೊಂದರದು ಚಾಕೊಲೇಟ್ ಕಡೆ. ಸಾಂಟಾ ಫೆ ರೈಲಿನವರು ತಮ್ಮದನ್ನು ಮಿನರಲ್ ಬ್ರೌನ್ ಅಂತಲೇ ಕರೆದರು. ಫ್ಲೋಕ್ವಿಲ್ ಶೀಶೆಯಲ್ಲಿದ್ದದ್ದು ಇವೆಲ್ಲದರ ನಡುವೆ ಯಾರೋ ಒಬ್ಬರು ಆರಿಸಿಕೊಂಡ ಒಂದು ಛಾಯೆ.

ಅದೇ ಮಣ್ಣು ನಮ್ಮ ಮನೆಯಲ್ಲೂ ಇದೆ. ಕೊಡಗಿನ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ ನೋಡಿದ್ದೀರಲ್ವಾ? ಸಿಮೆಂಟಿಗೆ ಆಕ್ಸೈಡ್ ಪುಡಿ ಕಲಸಿ, ಕರಣೆಯಿಂದ ಉಜ್ಜಿ ಉಜ್ಜಿ ನುಣುಪು ಮಾಡಿದ ನೆಲ. ಮಂಗಳೂರು ಹೆಂಚಿನ ಕೆಂಪು ಕೂಡ ಕಬ್ಬಿಣದ್ದೇ. ಬಾಕ್ಸ್‌ಕಾರ್ ರೆಡ್ಡಿನ ವಂಶ ಇದು. ಈ ನಂಟು ಗೊತ್ತಾದ ದಿನ ನನಗೆ ಕಿಟ್‌ನ ಹಾಳೆಯಲ್ಲಿದ್ದ ಹೆಸರು ಒಮ್ಮೆಲೇ ಪರಿಚಯದ್ದಾಯಿತು. ಬಾಕ್ಸ್‌ಕಾರ್ ರೆಡ್ ಕಲಸುವಾಗ ಬೆಂಕಿ ಎಂಜಿನ್‌ನ ಕೆಂಪಿನಿಂದ ಶುರು ಮಾಡಬಾರದು, ಕೆಮ್ಮಣ್ಣಿನಿಂದ ಶುರು ಮಾಡಬೇಕು ಅಂತ ಆಗ ಹೊಳೆಯಿತು.

ಬೇರೆ ಹೆಸರುಗಳಿಗೂ ಹೀಗೇ ಒಂದು ಹಿಂದಿನ ಕಥೆ ಇರುತ್ತದೆ. ಟಸ್ಕನ್ ರೆಡ್ ಅಂದರೆ ಪೆನ್ಸಿಲ್ವೇನಿಯಾ ರೈಲಿನ ಪ್ರಯಾಣಿಕ ಬೋಗಿಗಳ ಬಣ್ಣ. ಆಕ್ಸೈಡಿಗಿಂತ ಗಾಢ, ಒಂದಿಷ್ಟು ನೇರಳೆಯ ಕಡೆ ವಾಲುವ ಕೆಂಪು. ಅದೇ ಕಂಪನಿಯ ಎಂಜಿನ್‌ಗಳ ಬ್ರನ್ಸ್‌ವಿಕ್ ಗ್ರೀನ್ ಹೆಸರಿಗೆ ಹಸಿರು, ನೋಡಲು ಹೆಚ್ಚುಕಡಿಮೆ ಕಪ್ಪು. ಹೆಸರು ನೋಡಿ ಹಸಿರು ಶೀಶೆ ತಂದರೆ ಕೆಲಸ ಕೆಡುತ್ತದೆ. ಕಪ್ಪಿಗೆ ನಾಲ್ಕು ಹನಿ ಹಸಿರು ಬೆರೆಸಿದರೆ ಹತ್ತಿರ ಬರುತ್ತದೆ. ಗ್ರೈಮಿ ಬ್ಲ್ಯಾಕ್ ಅಂದರೆ ಮಸಿ, ಧೂಳು, ಎಣ್ಣೆ ಹಿಡಿದ ಕಪ್ಪು. ಅದಕ್ಕೆ ಜಪಾನಿನ ತಮಿಯಾ ಕಂಪನಿಯ ನೇಟೋ ಬ್ಲ್ಯಾಕ್, ಅಂದರೆ ಎಕ್ಸ್‌ಎಫ್-69, ನೇರವಾಗಿ ನಡೆಯುತ್ತದೆ. ಅದರ ಮೇಲೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ರೂಫ್ ಬ್ರೌನ್ ಕೂಡ ಹಾಗೇ, ಒಂದು ಗಾಢ ಕಂದು ಸಾಕು. ಚಾವಣಿ ಮೇಲೆ ಹೇಗೂ ಮಸಿ ಕೂರುತ್ತದೆ.

ಹೆಸರಿಗಿಂತ ನಂಬಬಹುದಾದದ್ದು ನಂಬರ್. ಜರ್ಮನಿಯ ಆರ್‌ಎಎಲ್ ಬಣ್ಣಗಳ ಪಟ್ಟಿ 1927ರಿಂದ ನಡೆದು ಬಂದಿದೆ. ಅದರಲ್ಲಿ 3009 ಅಂದರೆ ಆಕ್ಸೈಡ್ ಕೆಂಪು. ಅಮೆರಿಕದ ಸರ್ಕಾರಿ ಪಟ್ಟಿ ಫೆಡರಲ್ ಸ್ಟ್ಯಾಂಡರ್ಡ್ 595ರಲ್ಲಿ ಪ್ರತಿ ಬಣ್ಣಕ್ಕೆ ಐದು ಅಂಕಿ. ಮೊದಲ ಅಂಕಿ ಹೊಳಪು ಹೇಳುತ್ತದೆ: 1 ಅಂದರೆ ಮಿರುಗು, 2 ಅಂದರೆ ಅರೆ ಮಿರುಗು, 3 ಅಂದರೆ ಮಂಕು. ಎರಡನೇ ಅಂಕಿ ಬಣ್ಣದ ಕುಟುಂಬ: 0 ಕಂದು, 1 ಕೆಂಪು, ಹೀಗೆ. ಆ ಪಟ್ಟಿಗೆ 2017ರಲ್ಲಿ ಹೆಸರು ಬದಲಾಯಿತು, ಆದರೆ ನಂಬರ್‌ಗಳು ಬಳಕೆಯಲ್ಲಿವೆ. ನಮ್ಮಲ್ಲೂ ಭಾರತೀಯ ಮಾನಕ ಐಎಸ್ 5 ಇದೆ. ಅದರಲ್ಲಿ 537 ಸಿಗ್ನಲ್ ರೆಡ್, 176 ಫಿರೋಜಿ, 631 ಲೈಟ್ ಗ್ರೇ. ನಮ್ಮ ರೈಲುಗಳ ಮಾದರಿ ಕಟ್ಟುವವರಿಗೆ ಇದು ಚಿನ್ನ. ಬಣ್ಣದ ಕಂಪನಿ ಮುಚ್ಚಿದರೂ ನಂಬರ್ ಹಾಗೇ ಇರುತ್ತದೆ. ಆ ನಂಬರಿನ ಚಿಪ್, ಅಂದರೆ ಬಣ್ಣ ಬಳಿದ ಮಾದರಿ ತುಂಡು, ಅಥವಾ ಛಾಯಾ ಕಾರ್ಡ್ ಸಿಕ್ಕರೆ ನಿಮ್ಮ ಎದುರು ನಿಜವಾದ ಗುರಿ ಬಂದ ಹಾಗೆ.

ಪರ್ಯಾಯ ಬಣ್ಣಗಳ ಕೋಷ್ಟಕಗಳೂ ಸಿಗುತ್ತವೆ. ಫ್ಲೋಕ್ವಿಲ್‌ನ ಇದಕ್ಕೆ ಸ್ಪೇನಿನ ವಯೆಹೋ ಕಂಪನಿಯ ಅದು, ತಮಿಯಾದ ಇದು ಅಂತ. ನಾನೂ ಬಳಸುತ್ತೇನೆ, ಶುರು ಮಾಡಲಿಕ್ಕೆ ಮಾತ್ರ. ಅವುಗಳಲ್ಲಿ ಎಷ್ಟೋ ಸಾಲುಗಳು ಒಂದರಿಂದ ಇನ್ನೊಂದಕ್ಕೆ ನಕಲಾಗಿ ಬಂದವು. ಕಂಪ್ಯೂಟರ್ ಪರದೆಯ ಮೇಲಿನ ಬಣ್ಣದ ಚೌಕ ನೋಡಿ ಹೊಂದಿಸಿದ್ದೂ ಇರುತ್ತದೆ. ಪರದೆ ಪರದೆಗೂ ಬಣ್ಣ ಬೇರೆ ಕಾಣುತ್ತದಲ್ವಾ?

ಹಳೇ ಫೋಟೊಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಕೊಡಾಕ್ ಕಂಪನಿಯ ಹಳೇ ಫಿಲ್ಮು ಕೊಡಾಕ್ರೋಮ್‌ನ ಸ್ಲೈಡ್‌ಗಳು ಕತ್ತಲಲ್ಲಿ ಇಟ್ಟರೆ ಬಣ್ಣವನ್ನು ಚೆನ್ನಾಗಿ ಉಳಿಸಿಕೊಳ್ಳುತ್ತವೆ. ಬೇರೆ ಹಲವು ಫಿಲ್ಮುಗಳು, ಪ್ರಿಂಟ್‌ಗಳು ಕಾಲ ಕಳೆದಂತೆ ಗುಲಾಬಿಗೋ ನೀಲಿಗೋ ತಿರುಗುತ್ತವೆ. ಫೋಟೊದಲ್ಲಿ ಬಿಳಿ ಅಂಗಿಯೋ ಕಾಗದವೋ ಇದ್ದರೆ ಮೊದಲು ಅದನ್ನು ನೋಡಿ. ಆ ಬಿಳಿಯೇ ಗುಲಾಬಿಯಾಗಿದ್ದರೆ ಬೋಗಿಯ ಕೆಂಪನ್ನು ನಂಬಲಾಗದು.

ಮ್ಯೂಸಿಯಂ ಬೋಗಿಯೂ ಪೂರ್ತಿ ಸಾಕ್ಷಿಯಲ್ಲ. ಮೈಸೂರಿನ ರೈಲು ಮ್ಯೂಸಿಯಂ 1979ರಲ್ಲಿ ಶುರುವಾದದ್ದು. ಹಾಸನ–ಮಂಗಳೂರು ಮೀಟರ್ ಗೇಜ್ ಹಾದಿ ಪೂರ್ತಿಯಾದದ್ದೂ ಅದೇ ವರ್ಷ. ಆ ಹಾದಿ ಈಗ ಬ್ರಾಡ್ ಗೇಜ್. ಅಲ್ಲಿ ಓಡುತ್ತಿದ್ದ ಮೀಟರ್ ಗೇಜ್ ಬೋಗಿಗಳ ಕೆಂಗಂದು ಬಣ್ಣವನ್ನು ಕಲಸಬೇಕು ಅನ್ನೋದು ನನ್ನ ಮುಂದಿನ ಆಸೆ. ಮ್ಯೂಸಿಯಂಗೆ ಹೋದಾಗಲೆಲ್ಲಾ ನಾನು ಬೋಗಿಯ ಹೊರಗೋಡೆ ನೋಡುವುದಿಲ್ಲ. ಬಯಲಲ್ಲಿ ನಿಂತ ಬೋಗಿಗೆ ಆಗಾಗ ಹೊಸ ಬಣ್ಣ ಬಳಿಯಲೇಬೇಕು, ಅದು ಆ ದಿನ ಸಿಕ್ಕ ಬಣ್ಣ. ಬಾಗಿಲ ಕೀಲಿನ ಹಿಂದೆ, ಕಿಟಕಿ ಚೌಕಟ್ಟಿನ ಒಳ ಮೂಲೆಯಲ್ಲಿ, ಪದರ ಎದ್ದ ಕಡೆ ಕಣ್ಣು ಹಾಯಿಸುತ್ತೇನೆ. ಹಳೇ ಬಣ್ಣ ಅಡಗಿರುವುದು ಅಲ್ಲಿ. ನೋಡಬೇಕು ಅಷ್ಟೇ, ಕೆರೆಯಬಾರದು.

ನೆಲ ಒರೆಸಿದಾಗ ಕಲಿತ ಪಾಠ

ಬಣ್ಣ ಹೊಂದಿಸುವುದು ಕಷ್ಟ ಅನ್ನಿಸುವುದಕ್ಕೆ ಮುಖ್ಯ ಕಾರಣ, ಬಣ್ಣ ಅನ್ನೋದು ಬರೀ ಶೀಶೆಯಲ್ಲಿ ಇಲ್ಲದಿರುವುದು. ಬೆಳಕು, ಹೊಳಪು, ಗಾತ್ರ ಮೂರೂ ಅದರಲ್ಲಿ ಕೈ ಹಾಕುತ್ತವೆ.

ಹೊಳಪು ನನಗೆ ಅರ್ಥವಾದದ್ದು ನಮ್ಮ ಮನೆಯ ನೆಲದಿಂದ. ಒಂದು ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುತ್ತಿದ್ದೆ. ಒರೆಸಿದ ಭಾಗ ಗಾಢ ಕೆಂಪು, ದ್ರಾಕ್ಷಿ ಹಣ್ಣಿನ ಹಾಗೆ. ಪಕ್ಕದ ಒಣ ಭಾಗ ಪೇಲವ, ಧೂಳು ಕೂತ ಹೆಂಚಿನ ಹಾಗೆ. ಎರಡರ ನಡುವೆ ಗೆರೆ ಎಳೆದಷ್ಟು ಸ್ಪಷ್ಟ. ಹತ್ತು ನಿಮಿಷದಲ್ಲಿ ನೀರು ಆರಿತು, ಗೆರೆ ಮಾಯವಾಯಿತು. ಪುಡಿ ಒಂದೇ, ಸಿಮೆಂಟು ಒಂದೇ. ಬದಲಾದದ್ದು ಮೇಲ್ಮೈ ಮಾತ್ರ. ಒಣ ಮೇಲ್ಮೈ ಒರಟು. ಬೆಳಕು ಅಲ್ಲಿ ಎಲ್ಲಾ ಕಡೆ ಚದುರಿ, ಒಂದಿಷ್ಟು ಬಿಳಿ ಬೆಳಕು ಕಣ್ಣಿಗೆ ಬೆರೆತು ಬರುತ್ತದೆ. ಹಾಗಾಗಿ ಬಣ್ಣ ತೆಳುವಾಗಿ ಕಾಣುತ್ತದೆ. ನೀರು ಆ ಒರಟನ್ನು ತುಂಬಿ ನುಣುಪು ಮಾಡುತ್ತದೆ. ಆಗ ಒಳಗಿನ ಕೆಂಪು ಕಾಣುತ್ತದೆ.

ಬಣ್ಣದ ಶೀಶೆಯಲ್ಲೂ ಆಗುವುದು ಇದೇ. ಅದೇ ಪುಡಿಯ ಮಂಕು ಬಣ್ಣ ತಿಳಿಯಾಗಿ ಕಾಣುತ್ತದೆ, ಮಿರುಗು ಬಣ್ಣ ಗಾಢವಾಗಿ. ನೀವು ಮಂಕು ಬಣ್ಣದಲ್ಲಿ ಸರಿಯಾಗಿ ಹೊಂದಿಸಿ, ಆಮೇಲೆ ಅಕ್ಷರ ಅಂಟಿಸಲು ಮಿರುಗು ವಾರ್ನಿಷ್ ಹೊಡೆದರೆ ಛಾಯೆ ಗಾಢವಾಗಿಬಿಡುತ್ತದೆ. ಕೊನೆಗೆ ಯಾವ ವಾರ್ನಿಷ್ ಹೊಡೆಯುತ್ತೀರೋ ಅದನ್ನು ಬಣ್ಣ ಹಚ್ಚಿ ನೋಡುವ ಪರೀಕ್ಷೆಯ ತುಂಡಿಗೂ ಹೊಡೆದು, ಆಮೇಲೆ ಹೋಲಿಸಿ.

ಬೆಳಕಿನ ತಂಟೆ ಇನ್ನೂ ಸೂಕ್ಷ್ಮ. ಎರಡು ಬಣ್ಣ ಒಂದು ಬೆಳಕಿನಲ್ಲಿ ಒಂದೇ ಥರ ಕಂಡು, ಇನ್ನೊಂದು ಬೆಳಕಿನಲ್ಲಿ ಬೇರೆ ಬೇರೆ ಕಾಣಬಹುದು. ಇದಕ್ಕೆ ಮೆಟಮೆರಿಸಂ ಅನ್ನುತ್ತಾರೆ. ಸೀರೆ ಅಂಗಡಿಯಲ್ಲಿ ರವಿಕೆ ಬಟ್ಟೆ ಹೊಂದಿಸುವಾಗ ಹೆಂಗಸರು ಎರಡನ್ನೂ ಹಿಡಿದು ಬಾಗಿಲ ಹೊರಗೆ ಬರುತ್ತಾರಲ್ವಾ? ಅವರಿಗೆ ಇದು ಚೆನ್ನಾಗಿ ಗೊತ್ತು. ಎರಡು ಬಣ್ಣದಲ್ಲಿರುವ ಪುಡಿಗಳು ಬೇರೆಯಾದಾಗ ಹೀಗಾಗುತ್ತದೆ. ಹಳೇ ಸೀಸದ ಹಳದಿಗೆ ಹೊಸ ಹಳದಿ ಹೊಂದಿಸುವಾಗ ಇದು ಜಾಸ್ತಿ ಕಾಡುತ್ತದೆ. ಮೋಡದ ದಿನ ಕಿಟಕಿಯ ಪಕ್ಕ ನಿಂತು ಹೋಲಿಸುವುದು ಒಳ್ಳೆಯದು. ಕೊಡಗಿನಲ್ಲಿ ಮೋಡಕ್ಕೇನೂ ಬರವಿಲ್ಲ. ಆಮೇಲೆ ನಿಮ್ಮ ರೈಲು ಯಾವ ದೀಪದ ಕೆಳಗೆ ಓಡುತ್ತದೋ ಅಲ್ಲೂ ಒಮ್ಮೆ ನೋಡಿ. ಎರಡು ಕಡೆ ಹೊಂದದಿದ್ದರೆ ದೀಪದ ಕೆಳಗಿನದ್ದೇ ಮುಖ್ಯ, ಅಲ್ಲೇ ಅಲ್ವಾ ಅದು ಇರುವುದು.

ಗಾತ್ರದ ವಿಷಯಕ್ಕೆ ಬಂದರೆ, 87ರಲ್ಲಿ ಒಂದು ಪಾಲಿನ ಬೋಗಿಗೆ ನಿಜವಾದ ಬೋಗಿಯ ಬಣ್ಣವನ್ನೇ ಹಚ್ಚಿದರೆ ಅದು ಕತ್ತಲಾಗಿ ಕಾಣುತ್ತದೆ. ನಿಜವಾದ ಬೋಗಿಯನ್ನು ನಾವು ದೂರದಿಂದ ನೋಡುತ್ತೇವೆ, ನಡುವಿನ ಗಾಳಿ ಬಣ್ಣವನ್ನು ಸ್ವಲ್ಪ ತಿಳಿ ಮಾಡುತ್ತದೆ. ಮನೆಯೊಳಗಿನ ಬೆಳಕೂ ಹೊರಗಿನದ್ದಕ್ಕಿಂತ ಎಷ್ಟೋ ಕಡಿಮೆ. ಅದಕ್ಕೆ ಈ ಅಳತೆಯಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ತಿಳಿ ಬಣ್ಣ ಬೆರೆಸುವುದು ರೂಢಿ. ಹಳೇ ಫ್ಲೋಕ್ವಿಲ್ ಶೀಶೆಗೆ ಹೊಂದಿಸುತ್ತಿದ್ದರೆ ಇದು ಬೇಡ. ಅದು ಮಾದರಿಗೆಂದೇ ಮಾಡಿದ ಛಾಯೆ. ರೈಲಿನ ನಿಜವಾದ ಚಿಪ್‌ಗೆ ಹೊಂದಿಸುತ್ತಿದ್ದರೆ ಮಾತ್ರ ಬೇಕು.

ತಳದಲ್ಲಿ ಉಳಿದ ನಾಲ್ಕು ಹನಿ

ನನ್ನ ಕಿಟ್ ಡಬ್ಬದಲ್ಲಿ ಅರ್ಧ ಬಳಸಿದ ಬಾಕ್ಸ್‌ಕಾರ್ ರೆಡ್ ಶೀಶೆಯೂ ಇತ್ತು. ಮುಚ್ಚಳ ಕಲ್ಲಿನಂತೆ ಕಚ್ಚಿತ್ತು. ಬಿಸಿ ನೀರಿನ ಲೋಟದಲ್ಲಿ ತಲೆಕೆಳಗಾಗಿ, ಮುಚ್ಚಳದ ಮಟ್ಟಕ್ಕೆ ಮಾತ್ರ ಮುಳುಗಿಸಿ ಎರಡು ನಿಮಿಷ ಇಟ್ಟೆ. ಒಲೆಯಿಂದ ದೂರ, ಕಿಟಕಿ ತೆರೆದು. ತಿರುಗಿಸಿದಾಗ ಕಿರ್ ಅಂತ ಬಿಚ್ಚಿಕೊಂಡಿತು. ಒಳಗೆ ಮೇಲೆ ಕಂದು ಎಣ್ಣೆಯಂಥ ನೀರು, ಕೆಳಗೆ ಬೆಲ್ಲದ ಪಾಕದ ಹಾಗೆ ಮಂದವಾದ ಕೆಸರು.

ಇಂಥ ಶೀಶೆ ಬದುಕುತ್ತದೋ ಇಲ್ಲವೋ ಅನ್ನೋದು ಬಣ್ಣದ ಜಾತಿಯ ಮೇಲೆ ನಿಂತಿದೆ. ದ್ರಾವಕ ಹಾರಿ ಹೋಗಿ ಮಂದವಾದ ಫ್ಲೋಕ್ವಿಲ್‌ಗೆ ಕ್ಸೈಲೀನ್ ಇರುವ ಥಿನ್ನರ್ ಹನಿ ಹನಿಯಾಗಿ ಬೆರೆಸಿ, ಒಂದು ದಿನ ಬಿಟ್ಟು ಕಲಕಿದರೆ ಸಾಮಾನ್ಯವಾಗಿ ಮರಳಿ ಬರುತ್ತದೆ. ಪೂರ್ತಿ ಒಣಗಿ ಕಲ್ಲಾಗಿದ್ದರೆ ಆಸೆ ಬಿಡಿ. ಎನಾಮೆಲ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುವ ಬಣ್ಣ. ಮೇಲೆ ಕಟ್ಟಿದ ಕೆನೆ ಮತ್ತೆ ಕರಗುವುದಿಲ್ಲ. ಅದನ್ನು ತೆಗೆದು, ಕೆಳಗಿನದ್ದನ್ನು ಹಳೇ ಸ್ಟಾಕಿಂಗ್ ಬಟ್ಟೆಯಲ್ಲಿ ಸೋಸಿ ಬಳಸಬಹುದು. ಪಾಲಿ ಸ್ಕೇಲ್ ಥರದ ನೀರಿನ ಅಕ್ರಿಲಿಕ್ ಒಮ್ಮೆ ಮೊಸರಿನ ಹಾಗೆ ಗಡ್ಡೆ ಕಟ್ಟಿದರೆ ಮುಗಿಯಿತು. ಅದರ ಸಣ್ಣ ಸಣ್ಣ ರಾಳದ ಕಣಗಳು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ನೀರು ಎಷ್ಟು ಹಾಕಿದರೂ ಬಿಡಿಸಲು ಆಗದು.

ಕ್ಸೈಲೀನ್ ಜೊತೆ ಹುಡುಗಾಟ ಬೇಡ. ಬಟ್ಟೆಯ ಮಾಸ್ಕ್ ಅದರ ಆವಿಯನ್ನು ತಡೆಯುವುದಿಲ್ಲ. ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್, ಕೈಗವಸು, ತೆರೆದ ವರಾಂಡ. ಮಕ್ಕಳು ಹತ್ತಿರ ಇರಕೂಡದು.

ಮರಳಿ ಬಂದ ಬಣ್ಣವನ್ನು ನಾನು ಬೋಗಿಗೆ ಹಚ್ಚಲಿಲ್ಲ. ಅಷ್ಟಕ್ಕೂ ಸಾಲುತ್ತಲೂ ಇರಲಿಲ್ಲ. ಬೂದು ಪ್ರೈಮರ್ ಹೊಡೆದ ಪ್ಲಾಸ್ಟಿಕ್ ಪಟ್ಟಿಯೊಂದಕ್ಕೆ ಮೂರು ತೆಳು ಪದರ ಹಚ್ಚಿ, ಒಣಗಿಸಿ, ಹಿಂದೆ ಹೆಸರು ಮತ್ತು ತಾರೀಕು ಬರೆದೆ. ಹಳೇ ಶೀಶೆ ಸಿಕ್ಕವರಿಗೆಲ್ಲಾ ನಾನು ಹೇಳುವುದು ಇದನ್ನೇ. ಒಂದು ಬೋಗಿಗೆ ಬಳಿದರೆ ಅಲ್ಲಿಗೆ ಖಾಲಿ. ಪಟ್ಟಿ ಮಾಡಿಟ್ಟರೆ ಎಷ್ಟು ಬೋಗಿಗೆ ಬೇಕಾದರೂ ಹೊಂದಿಸಬಹುದು.

ಕಲಸುವ ಕೆಲಸ

ಬಿಳಿ ಪ್ಲಾಸ್ಟಿಕ್ ಚಮಚ, ಹನಿ ಹಾಕುವ ಪಿಪೆಟ್, ಹಲ್ಲುಕಡ್ಡಿ, ಪ್ರೈಮರ್ ಹೊಡೆದ ತುಂಡುಗಳು. ಇಷ್ಟು ಸಾಕು. ನಾನು ತಮಿಯಾ ಅಕ್ರಿಲಿಕ್ ಬಳಸುತ್ತೇನೆ, ನಮ್ಮಲ್ಲಿ ತರಿಸಿಕೊಳ್ಳಬಹುದು ಅನ್ನೋ ಕಾರಣಕ್ಕೆ. ವಯೆಹೋದಲ್ಲೂ ಇದೇ ಕ್ರಮ ನಡೆಯುತ್ತದೆ. ಎರಡು ಕಂಪನಿಯ ಬಣ್ಣ ಒಂದೇ ಚಮಚದಲ್ಲಿ ಬೆರೆಸಬೇಡಿ, ಒಡೆದ ಹಾಲಿನ ಹಾಗಾಗುತ್ತದೆ.

ಮೊದಲು ಹೊಂದಿಸಬೇಕಾದದ್ದು ಬಣ್ಣವನ್ನಲ್ಲ, ಕತ್ತಲು ಬೆಳಕನ್ನು. ಗುರಿಯ ಪಟ್ಟಿ ಮತ್ತು ನಿಮ್ಮ ಮಿಶ್ರಣ ಎರಡನ್ನೂ ಅಕ್ಕಪಕ್ಕ ಇಟ್ಟು ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆಯಿರಿ. ಒಂದು ಗಾಢ ಒಂದು ತಿಳಿ ಇದ್ದರೆ ತಕ್ಷಣ ಗೊತ್ತಾಗುತ್ತದೆ. ಅದು ಸರಿಯಾದ ಮೇಲೆ ಕೆಂಪು ಹೆಚ್ಚಾಯಿತೋ ಹಳದಿ ಹೆಚ್ಚಾಯಿತೋ ಅಂತ ನೋಡಿ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಗಾಢ ಮಾಡಲು ಕಪ್ಪು, ತಿಳಿ ಮಾಡಲು ಬಿಳಿ ಅಂತ ಕೈ ತಾನಾಗಿ ಹೋಗುತ್ತದೆ. ಕೆಮ್ಮಣ್ಣಿನ ಬಣ್ಣಕ್ಕೆ ಕಪ್ಪು ಹಾಕಿದರೆ ಅದು ಸತ್ತಂತಾಗಿ ನೇರಳೆಗೆ ತಿರುಗುತ್ತದೆ. ಬಿಳಿ ಹಾಕಿದರೆ ಗುಲಾಬಿಯಾಗುತ್ತದೆ. ಹಳದಿಗೆ ಕಪ್ಪು ಹಾಕಿದರೆ ಹಸಿರಾಗುತ್ತದೆ. ಗಾಢ ಬೇಕಾದರೆ ಗಾಢ ಕಂದು ಬೆರೆಸಿ. ತಿಳಿ ಬೇಕಾದರೆ ಮರಳಿನ ಬಣ್ಣ, ಅಂದರೆ ಬಫ್. ಕೆಂಪು ಜಾಸ್ತಿ ಚುಚ್ಚುತ್ತಿದ್ದರೆ ಹಲ್ಲುಕಡ್ಡಿಯ ತುದಿಯಷ್ಟು ಹಸಿರು. ತುದಿಯಷ್ಟು ಅಂದರೆ ನಿಜವಾಗಲೂ ತುದಿಯಷ್ಟೇ.

ನಾನು ಶುರು ಮಾಡಿದ್ದು ಹಲ್ ರೆಡ್ ಎಕ್ಸ್‌ಎಫ್-9ರಿಂದ. ಅದು ಹಡಗಿನ ತಳಕ್ಕೆ ಬಳಿಯುವ ಆಕ್ಸೈಡ್ ಕೆಂಪು, ಅದೇ ವಂಶ. ಹತ್ತಿರವಿತ್ತು, ಆದರೆ ಗಾಢ. ಎರಡು ಹನಿ ಫ್ಲ್ಯಾಟ್ ರೆಡ್ ಎಕ್ಸ್‌ಎಫ್-7 ಬಿಟ್ಟೆ, ಜೀವ ಬಂತು. ಬಿಳಿ ಬಿಟ್ಟು ನೋಡಿದೆ, ಗುಲಾಬಿಯಾಯಿತು, ಆ ಚಮಚ ಎತ್ತಿಟ್ಟೆ. ಬಫ್ ಎಕ್ಸ್‌ಎಫ್-57 ಬಿಟ್ಟಾಗ ಸರಿಹೋಯಿತು. ಪ್ರತಿ ಸಲವೂ ತುಂಡಿನ ಮೇಲೆ ಹಚ್ಚಿ, ಪೂರ್ತಿ ಒಣಗಲು ಬಿಟ್ಟು ನೋಡಬೇಕು. ಅಕ್ರಿಲಿಕ್ ಒಣಗಿದಾಗ ಛಾಯೆ ಬದಲಾಗುತ್ತದೆ. ಒದ್ದೆಯಲ್ಲಿ ಹೊಂದಿಸಿದ ಬಣ್ಣ ಬೆಳಿಗ್ಗೆ ಎದ್ದು ನೋಡಿದರೆ ಬೇರೆಯೇ ಇರುತ್ತದೆ. ಕೊನೆಯ ಪರೀಕ್ಷೆಗೆ ಒಂದು ಕಾಗದದಲ್ಲಿ ಎರಡು ಸಣ್ಣ ತೂತು ಮಾಡಿ, ಒಂದರ ಕೆಳಗೆ ಗುರಿ, ಇನ್ನೊಂದರ ಕೆಳಗೆ ನಿಮ್ಮದು ಇಡಿ. ಸುತ್ತಲಿನ ಬಣ್ಣಗಳು ಕಣ್ಣನ್ನು ಎಳೆಯುವುದಿಲ್ಲ.

ಪೇಂಟ್ ಅಂಗಡಿಯ ಮಷಿನ್‌ನಲ್ಲಿ ಸ್ಕ್ಯಾನ್ ಮಾಡಿಸಬಾರದೇ ಅಂತ ಕೇಳುತ್ತಾರೆ. ಛಾಯೆಯೇನೋ ಸಿಗುತ್ತದೆ. ಆದರೆ ಗೋಡೆಗೆ ಬಳಿಯುವ ಬಣ್ಣ ದಪ್ಪ. ಎಚ್‌ಒ ಅಳತೆಯ ಮೊಳೆ ತಲೆಗಳು, ಹಲಗೆ ಸಂದುಗಳು ಅದರಡಿ ಮುಚ್ಚಿಹೋಗುತ್ತವೆ. ಕಾರಿಗೆ ಬಣ್ಣ ಕಲಸುವವರ ಹತ್ತಿರ ಪುಡಿ ಬಹಳ ನುಣ್ಣಗಿರುತ್ತದೆ, ಕಡಿಮೆ ಅಳತೆಯಲ್ಲೂ ಕಲಸಿಕೊಡುತ್ತಾರೆ. ಅಲ್ಲಿ ತೊಂದರೆ ಥಿನ್ನರ್‌ನದ್ದು. ಒಮ್ಮೆ ನಾನು ಹಾಗೆ ಕಲಸಿಸಿ ತಂದು, ಪ್ರೈಮರ್ ಇಲ್ಲದೆ ಪ್ಲಾಸ್ಟಿಕ್ ಬೋಗಿಗೆ ನೇರ ಹೊಡೆದೆ. ಪ್ಲಾಸ್ಟಿಕ್ ಸುಕ್ಕುಗಟ್ಟಿ, ಗೋಡೆಯ ಹಲಗೆ ಗೆರೆಗಳೇ ಕರಗಿಹೋದವು. ಪ್ಲಾಸ್ಟಿಕ್‌ಗೆ ಮೊದಲು ಪ್ರೈಮರ್, ಆಮೇಲೆ ಮಂಜಿನಂತೆ ತೆಳುವಾಗಿ, ನಡುನಡುವೆ ಒಣಗಲು ಬಿಟ್ಟು ಹೊಡೆಯಬೇಕು. ಲೋಹದ ಕಿಟ್‌ಗೆ ಈ ಭಯ ಇಲ್ಲ.

ಕಕ್ಕಡದಲ್ಲಿ ಏರ್‌ಬ್ರಷ್ ಬೇಡ

ಇದು ನಮ್ಮ ಊರಿಗೆ ಬೇಕಾದ ಮಾತು. ಕಕ್ಕಡ ಅಂದರೆ ಕೊಡವರ ಲೆಕ್ಕದಲ್ಲಿ ಜುಲೈ ನಡುವಿನಿಂದ ಶುರುವಾಗುವ ಜಡಿಮಳೆಯ ತಿಂಗಳು, ಏರ್‌ಬ್ರಷ್ ಅಂದರೆ ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪುಟ್ಟ ಸಲಕರಣೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಜುಲೈಯ ಒಂದು ಸಂಜೆ ನಾನು ಲ್ಯಾಕರ್ ಕಪ್ಪು ಹೊಡೆದೆ. ಕಣ್ಣೆದುರೇ ಅದರ ಮೇಲೆ ಹಾಲಿನ ಪೊರೆ ಕಟ್ಟಿತು. ಶೀಶೆ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಲ್ಯಾಕರ್ ಥಿನ್ನರ್ ಬಲು ಬೇಗ ಹಾರುತ್ತದೆ. ಹಾರುವಾಗ ಮೇಲ್ಮೈಯ ಶಾಖ ಎಳೆದುಕೊಂಡು ಹೋಗುತ್ತದೆ. ತಣ್ಣಗಾದ ಮೇಲ್ಮೈ ಮೇಲೆ ಗಾಳಿಯ ತೇವ ಇಬ್ಬನಿಯಾಗಿ ಕೂತು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ಬ್ಲಶಿಂಗ್ ಅನ್ನುತ್ತಾರೆ. ನಿಧಾನವಾಗಿ ಹಾರುವ ರಿಟಾರ್ಡರ್ ಥಿನ್ನರ್ ತೆಳುವಾಗಿ ಹೊಡೆದರೆ ಪೊರೆ ಕರಗಿ ಬಿಡುತ್ತದೆ. ಆದರೆ ಛಾಯೆ ಹೊಂದಿಸುವ ಕೆಲಸವನ್ನು ಅಂಥ ದಿನ ಮಾಡಲೇಬಾರದು. ಪೊರೆಯ ಕೆಳಗಿನ ಬಣ್ಣ ತಿಳಿಯಾಗಿ ಕಾಣುತ್ತದೆ, ನೀವು ಸುಮ್ನೆ ಕಪ್ಪು ಸೇರಿಸುತ್ತಾ ಹೋಗುತ್ತೀರಿ.

ಮಳೆಗಾಲದಲ್ಲಿ ನಾನು ತುಂಡು ಕತ್ತರಿಸುವುದು, ಅಂಟಿಸುವುದು, ಅಕ್ಷರಗಳನ್ನು ಜೋಡಿಸಿಕೊಳ್ಳುವುದು ಮಾಡುತ್ತೇನೆ. ಬಣ್ಣದ ಶೀಶೆ ತೆರೆಯುವುದು ಡಿಸೆಂಬರ್ ಮೇಲೆ. ಕಣದಲ್ಲಿ ಕಾಫಿ ಒಣಗುವ ಗಾಳಿಯಲ್ಲಿ ಬಣ್ಣವೂ ಚೆನ್ನಾಗಿ ಒಣಗುತ್ತದೆ. ಬೆಳಿಗ್ಗೆ ಮಂಜು ಕರಗಿದ ಮೇಲೆ, ಹನ್ನೊಂದರಿಂದ ಮೂರರ ಒಳಗೆ.

ಒಂದು ಬೋಗಿಗೆ ಎಷ್ಟು ಬೇಕೋ ಅದರ ಎರಡರಷ್ಟು ಕಲಸಿ, ಉಳಿದದ್ದನ್ನು ಸಣ್ಣ ಗಾಜಿನ ಶೀಶೆಯಲ್ಲಿ ಬಾಯಿ ಮಟ್ಟಕ್ಕೆ ತುಂಬಿ ಮುಚ್ಚಿಡಿ. ಅರ್ಧ ಖಾಲಿ ಶೀಶೆಯಲ್ಲಿ ಗಾಳಿ ಸೇರಿ ಬಣ್ಣ ಬೇಗ ಕೆಡುತ್ತದೆ. ಒಂದು ಕಾರ್ಡಿನ ಮೇಲೆ ಬಣ್ಣದ ಗೆರೆ ಎಳೆದು, ಪಕ್ಕದಲ್ಲಿ ಹನಿ ಲೆಕ್ಕ, ಪ್ರೈಮರ್, ವಾರ್ನಿಷ್, ಯಾವ ಬೆಳಕಿನಲ್ಲಿ ನೋಡಿದ್ದು ಎಲ್ಲಾ ಬರೆಯಿರಿ. ನನ್ನ ಕಾರ್ಡಿನಲ್ಲಿ ಹೀಗಿದೆ: ಎಕ್ಸ್‌ಎಫ್-9 ಆರು ಹನಿ, ಎಕ್ಸ್‌ಎಫ್-7 ಎರಡು, ಎಕ್ಸ್‌ಎಫ್-57 ಎರಡು, ಬೂದು ಪ್ರೈಮರ್, ಮಂಕು ವಾರ್ನಿಷ್, ಉತ್ತರದ ಕಿಟಕಿ, ಜನವರಿ.